ಪ್ರತಿ ಬರೆದು ಕಲಿಯುವ ಮುಖ



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ಆರಿಸುವ ಸ್ವಾತಂತ್ರ್ಯವನ್ನು ನೀವು ನನಗೇ ಬಿಟ್ಟಿರಿ. ಕಲಾಶಾಲೆಗಳಲ್ಲಿ ಇವತ್ತು ತುಸು ಸಂಕೋಚದಿಂದಲೇ ಪ್ರಸ್ತಾಪವಾಗುವ ಒಂದು ಸಂಗತಿಯನ್ನು ನಾನು ಆರಿಸಿಕೊಂಡಿದ್ದೇನೆ. ಬೇರೊಬ್ಬರು ಬರೆದ ತೈಲವರ್ಣದ ಭಾವಚಿತ್ರವನ್ನು ಎದುರಿಗಿಟ್ಟುಕೊಂಡು, ಅದನ್ನೇ ಮತ್ತೆ ಬರೆದು ಆ ಕೆಲಸವನ್ನು ಕಲಿಯುವ ಬಗೆ ಅದು. ಮೊದಲ ವರ್ಷದ ಹುಡುಗಿಗೇ ‘ನಿನ್ನದೇ ಆದದ್ದನ್ನು ಬರೆ’ ಎಂದು ಹೇಳುವ ಕಾಲ ಇದು. ಆ ಮಾತಿನ ಹಿಂದಿನ ಪ್ರೀತಿ ನನಗೆ ಗೊತ್ತು. ಆದರೆ ಬಣ್ಣ ಹೇಗೆ ಒಣಗುತ್ತದೆ, ಮೂಗಿನ ನೆರಳು ಕೆನ್ನೆಯೊಳಗೆ ಎಲ್ಲಿ ಕರಗುತ್ತದೆ ಎಂದು ತಿಳಿಯದ ಕೈಯಿಂದ ತನ್ನದೇ ಆದದ್ದು ಹೊರಬರುವುದು ಕಷ್ಟ. ತೈಲವರ್ಣದಲ್ಲಿ ಮುಖ ಬರೆಯಲು ಕಲಿಯಬೇಕಾದವರಿಗೆ ಒಳ್ಳೆಯ ಚಿತ್ರವೊಂದರ ಪ್ರತಿ ಬರೆಯುವುದಕ್ಕಿಂತ ನೇರವಾದ ದಾರಿ ಇಲ್ಲ ಎಂಬುದು ನನ್ನ ನಂಬಿಕೆ. ಇವತ್ತು ಅದನ್ನೇ ವಿವರಿಸುತ್ತೇನೆ.

ತೈಲವರ್ಣಕ್ಕೇ ಏಕೆ ಇಷ್ಟು ಒತ್ತು ಎಂದು ಕೇಳಬಹುದು. ತೈಲಚಿತ್ರ ಪದರಪದರವಾಗಿ ಬೆಳೆಯುತ್ತದೆ. ಮೊದಲು ಹಚ್ಚಿದ್ದು ಕೊನೆಯಲ್ಲಿ ಹಚ್ಚಿದ್ದರ ಅಡಿಗೆ ಹೋಗುತ್ತದೆ. ಗೋಡೆಯ ಮೇಲೆ ನಮಗೆ ಕಾಣುವುದು ಕಟ್ಟಕಡೆಯ ಪದರ ಮಾತ್ರ. ಬರಿಗಣ್ಣಿನಿಂದ ಎಷ್ಟು ಹೊತ್ತು ನೋಡಿದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಸಿಕ್ಕುವುದಿಲ್ಲ. ಪ್ರತಿ ಬರೆಯಲು ಕೂತವನಿಗೆ ಮಾತ್ರ ಆ ಪ್ರಶ್ನೆ ಅಂಗುಲ ಅಂಗುಲಕ್ಕೂ ಎದುರಾಗುತ್ತದೆ: ಈ ಗಲ್ಲದ ಬೆಚ್ಚನೆಯ ನೆರಳಿನ ಕೆಳಗೆ ಏನಿದೆ? ಈ ತುಟಿಯ ಕೆಂಪು ಒಂದೇ ಸಲ ಹಚ್ಚಿದ್ದೋ, ಒಣಗಿದ ಮೇಲೆ ಮತ್ತೆ ಹಚ್ಚಿದ್ದೋ? ಉತ್ತರವನ್ನು ಕೈಯಲ್ಲೇ ಕಂಡುಕೊಳ್ಳಬೇಕು. ಸಂಗೀತದ ವಿದ್ಯಾರ್ಥಿ ಗುರುವಿನ ಬಾಯಿಂದ ಬಂದ ಸಂಗತಿಯನ್ನು ಹಾಗೆಹಾಗೆಯೇ ಹಾಡಿ ಹಾಡಿ ಕಲಿಯುತ್ತಾನೆ. ಅವನನ್ನು ಯಾರೂ ನಕಲುಗಾರ ಎನ್ನುವುದಿಲ್ಲ. ಚಿತ್ರ ಕಲಿಯುವವನಿಗೂ ಅದೇ ಮರ್ಯಾದೆ ಸಲ್ಲಬೇಕು.

ಪ್ರತಿ ಬರೆಯುವ ಅವಕಾಶ ಇಲ್ಲದೆ ಕಲಿಯಬೇಕಾಗಿ ಬಂದವರ ಪಾಡು ಏನೆಂಬುದಕ್ಕೆ ನಮ್ಮ ಹತ್ತಿರದ ಉದಾಹರಣೆ ರಾಜಾ ರವಿವರ್ಮ. ಕಿಳಿಮಾನೂರಿನ ಈ ಹುಡುಗ 1862ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ತಿರುವನಂತಪುರದ ಅರಮನೆಯ ಆಶ್ರಯಕ್ಕೆ ಬಂದ. ಅಲ್ಲಿ ತೈಲವರ್ಣ ತಿಳಿದಿದ್ದ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಅವನಿಗೆ ಕಲಿಸಲು ಒಪ್ಪಲಿಲ್ಲ. 1868ರಲ್ಲಿ ರಾಜಮನೆತನದವರ ಭಾವಚಿತ್ರ ಬರೆಯಲು ಥಿಯೋಡರ್ ಜೆನ್ಸನ್ ಬಂದಾಗ ರವಿವರ್ಮನಿಗೆ ಸಿಕ್ಕಿದ್ದು ನೋಡುತ್ತ ನಿಲ್ಲುವ ಅನುಮತಿ ಮಾತ್ರ. ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಬಣ್ಣದ ಗುಣವನ್ನು ತಾನೇ ಪರೀಕ್ಷಿಸುತ್ತ ಆತ ವಿದ್ಯೆಯನ್ನು ಕೂಡಿಸಿಕೊಂಡ. 1873ರ ಹೊತ್ತಿಗೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕ ಪಡೆಯುವಷ್ಟು ಬೆಳೆದ. ಅಂಥ ಪ್ರತಿಭೆಗೆ ಅದು ಸಾಧ್ಯವಾಯಿತು. ಆದರೆ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸುವುದು ಕಲಿಸುವ ಕ್ರಮ ಆಗುವುದಿಲ್ಲ. ಮೂಲಚಿತ್ರಗಳು ಎದುರಿಗಿದ್ದು, ಮುಟ್ಟದಿದ್ದರೂ ಪ್ರತಿ ಬರೆಯಲು ಬಿಟ್ಟಿದ್ದರೆ ಆ ಹುಡುಗನ ಎಷ್ಟು ವರ್ಷ ಉಳಿಯುತ್ತಿತ್ತು ಎಂದು ನಾನು ಅನೇಕ ಬಾರಿ ಯೋಚಿಸಿದ್ದೇನೆ.

ಯೂರೋಪಿನಲ್ಲಿ ಆ ಬಾಗಿಲು ತೆರೆದಿತ್ತು, ಅದೂ ಎಳೆಯರಿಗೆ ಮಾತ್ರ ಅಲ್ಲ. ರೂಬೆನ್ಸ್ 1628ರಲ್ಲಿ ರಾಜತಾಂತ್ರಿಕ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೋದಾಗ ಅವನಿಗೆ 51 ವರ್ಷ. ಯೂರೋಪಿನಾದ್ಯಂತ ಹೆಸರಾಗಿದ್ದವನು. ಆದರೂ ಸ್ಪೇನಿನ ರಾಜನ ಸಂಗ್ರಹದಲ್ಲಿದ್ದ ಟಿಷಿಯನ್ನನ ಚಿತ್ರಗಳ ಮುಂದೆ ಕೂತು ಒಂದಾದ ಮೇಲೊಂದರಂತೆ ಪ್ರತಿ ಬರೆದ. ಟಿಷಿಯನ್ನನ ‘ಆಡಮ್ ಮತ್ತು ಈವ್’, ರೂಬೆನ್ಸ್ ಬರೆದ ಅದರ ಪ್ರತಿ, ಎರಡೂ ಇವತ್ತು ಪ್ರಾಡೊ ಸಂಗ್ರಹಾಲಯದಲ್ಲಿವೆ. ಎರಡನ್ನೂ ಹೋಲಿಸಿದರೆ ಆಡಮ್ ಕೂತ ಭಂಗಿ ಬದಲಾಗಿರುವುದು ಕಾಣುತ್ತದೆ, ಮೂಲದಲ್ಲಿ ಇಲ್ಲದ ಒಂದು ಗಿಳಿ ಬಂದು ಕೂತಿರುವುದೂ ಕಾಣುತ್ತದೆ. ಪ್ರತಿ ಬರೆಯುತ್ತಲೇ ರೂಬೆನ್ಸ್ ಟಿಷಿಯನ್ನನೊಂದಿಗೆ ವಾದಕ್ಕಿಳಿದಿದ್ದಾನೆ. ಇನ್ನೊಂದು ಸಂಗತಿ ನಮ್ಮ ಇವತ್ತಿನ ವಿಷಯಕ್ಕೆ ಇನ್ನೂ ಹತ್ತಿರದ್ದು. ಚಕ್ರವರ್ತಿ ಐದನೆಯ ಚಾರ್ಲ್ಸ್ ಮತ್ತು ಅವನ ರಾಣಿ ಇಸಬೆಲ್ಲಾ ಜೊತೆಯಾಗಿ ಕೂತ ಭಾವಚಿತ್ರವೊಂದನ್ನು ಟಿಷಿಯನ್ ಬರೆದಿದ್ದ. ಆ ಮೂಲ ಕಳೆದುಹೋಗಿದೆ. ಅದು ಹೇಗಿತ್ತೆಂದು ನಮಗೆ ಗೊತ್ತಿರುವುದು ರೂಬೆನ್ಸನ ಪ್ರತಿಯಿಂದ.

ಪ್ಯಾರಿಸ್ಸಿನ ಲೂವ್ರ್ 1793ರಲ್ಲಿ ಸಾರ್ವಜನಿಕ ಸಂಗ್ರಹಾಲಯವಾದಾಗಿನಿಂದಲೂ ಚಿತ್ರಕಾರರಿಗೆ ಅಲ್ಲಿ ಕೂತು ಪ್ರತಿ ಬರೆಯಲು ಅವಕಾಶವಿತ್ತು. ಡೆಗಾ ಅಲ್ಲಿ ಪುಸೆನ್ನನ ದೊಡ್ಡ ಚಿತ್ರವೊಂದರ ಪ್ರತಿ ಬರೆದ. 1860ರ ದಶಕದ ಆರಂಭದಲ್ಲಿ ಆತ ವೆಲಾಸ್ಕೆಸ್‌ನದೆಂದು ನಂಬಲಾಗಿದ್ದ ರಾಜಕುಮಾರಿಯ ಚಿತ್ರದ ಎದುರು ಕೂತು ತಾಮ್ರದ ತಗಡಿನ ಮೇಲೆ ಕೊರೆಯುತ್ತಿದ್ದಾಗ ಮಾನೆ ಬಂದು ಮಾತಾಡಿಸಿದನೆಂದೂ ಅವರ ಸ್ನೇಹ ಅಲ್ಲಿಂದ ಮೊದಲಾಯಿತೆಂದೂ ಹೇಳುತ್ತಾರೆ. ಹೊಸ ಚಿತ್ರಕಲೆಯ ಹರಿಕಾರರೆಂದು ನಾವು ಓದುವ ಹೆಸರುಗಳು ಇವು. ಹಳಬರ ಪ್ರತಿ ಬರೆದದ್ದರಿಂದ ಅವರ ಹೊಸತನಕ್ಕೆ ಏನೂ ಕುಂದಾಗಲಿಲ್ಲ. ಭಾವಚಿತ್ರಕ್ಕೇ ಹೆಸರಾದ ಸಾರ್ಜೆಂಟ್ 1879ರಲ್ಲಿ, 23ರ ಹರೆಯದಲ್ಲಿ, ಮ್ಯಾಡ್ರಿಡ್‌ಗೆ ಹೋಗಿ ವೆಲಾಸ್ಕೆಸ್‌ನ ಪ್ರತಿಗಳನ್ನು ಬರೆದ. ಮರುವರ್ಷ ಹಾರ್ಲೆಮ್‌ಗೆ ಹೋಗಿ ಫ್ರಾನ್ಸ್ ಹಾಲ್ಸ್‌ನ ಮುಖಗಳನ್ನು ಬರೆದ. ಮುಂದೆ ಅವನ ಕುಂಚದಲ್ಲಿ ನಾವು ಮೆಚ್ಚುವ ಆ ಸಲೀಸು ಆ ಎರಡು ಊರುಗಳಲ್ಲಿ ಕೂತು ಗಳಿಸಿದ್ದು.

ಈಗ ಒಂದೇ ಚಿತ್ರವನ್ನು ಹಿಡಿದು ಸ್ವಲ್ಪ ನಿಧಾನವಾಗಿ ನೋಡೋಣ. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ, ವರ್ಮೀರ್ 1665ರ ಸುಮಾರಿಗೆ ಬರೆದ ‘ಮುತ್ತಿನ ಓಲೆಯ ಹುಡುಗಿ’. ನಿಜಕ್ಕೂ ಯಾವುದೋ ಹುಡುಗಿಯ ಭಾವಚಿತ್ರವೆಂದು ಬರೆದದ್ದಲ್ಲ ಅದು. ಮುಖದ ಒಂದು ಬಗೆಯನ್ನು ತೋರಿಸುವ ಚಿತ್ರ. ಆದರೂ ಭಾವಚಿತ್ರ ಕಲಿಯುವವರು ಜಗತ್ತಿನೆಲ್ಲೆಡೆ ಅದರ ಪ್ರತಿ ಬರೆಯುತ್ತಾರೆ. ನಾನೂ ವಿದ್ಯಾರ್ಥಿಗಳಿಗೆ ಮೊದಲು ಅದನ್ನೇ ಕೊಡುತ್ತೇನೆ. ಕಾರಣಗಳಿವೆ. ಅದು ದೊಡ್ಡದಲ್ಲ: 44.5 ಸೆಂಟಿಮೀಟರ್ ಎತ್ತರ, 39 ಸೆಂಟಿಮೀಟರ್ ಅಗಲ. ಬೆಳಕು ಒಂದೇ ಕಡೆಯಿಂದ, ಎಡದಿಂದ, ಬೀಳುತ್ತದೆ. ಕೈಗಳಿಲ್ಲ, ಪೀಠೋಪಕರಣಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಂಗ್ರಹಾಲಯದ ತಜ್ಞರು 2018ರಲ್ಲಿ ಈ ಚಿತ್ರವನ್ನು ಸಂಗ್ರಹಾಲಯದೊಳಗೇ ಯಂತ್ರಗಳಿಂದ ಪದರಪದರವಾಗಿ ಪರೀಕ್ಷಿಸಿ, 2020ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ. ವರ್ಮೀರ್ ಯಾವ ಕ್ರಮದಲ್ಲಿ ಕೆಲಸ ಮಾಡಿದ ಎಂಬುದು ಇವತ್ತು ಬಹಳಷ್ಟು ಗೊತ್ತಿದೆ. ಪ್ರತಿ ಬರೆಯುವವನು ಆ ಕ್ರಮದಲ್ಲೇ ನಡೆಯಬಹುದು.

ವರ್ಮೀರ್ ಮೊದಲು ಕಂದು ಮತ್ತು ಕಪ್ಪಿನ ಬೇರೆಬೇರೆ ಛಾಯೆಗಳಲ್ಲಿ ಇಡೀ ಆಕೃತಿಯನ್ನು ಹರಡಿಕೊಂಡ. ತೆಳುವಾದ ಕಪ್ಪು ಗೆರೆಗಳಿಂದ ಅಂಚು ಗುರುತಿಸಿದ. ಬರೆಯುತ್ತ ಬರೆಯುತ್ತ ಕಿವಿಯ ಜಾಗ, ಮುಂಡಾಸಿನ ತುದಿ, ಕತ್ತಿನ ಹಿಂಬದಿ ಇವನ್ನು ಸರಿಸಿ ತಿದ್ದಿಕೊಂಡ. ವರ್ಮೀರನಂಥವನೂ ಕಿವಿಯನ್ನು ಸರಿಸಬೇಕಾಯಿತು ಎಂದು ತಿಳಿದಾಗ ಹೊಸಬರಿಗೆ ಬರುವ ಧೈರ್ಯ ಬೇರೆ ಯಾವ ಮಾತಿನಿಂದಲೂ ಬರುವುದಿಲ್ಲ. ಆಮೇಲೆ ಹಿಂದಿನಿಂದ ಮುಂದಕ್ಕೆ ಬಂದ: ಹಿನ್ನೆಲೆ, ಮುಖದ ಚರ್ಮ, ಹಳದಿ ಅಂಗಿ, ಬಿಳಿ ಕೊರಳಪಟ್ಟಿ, ಮುಂಡಾಸು, ಕೊನೆಗೆ ಮುತ್ತು. ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಣ್ಣಿನಿಂದ ಶುರುಮಾಡುತ್ತಾರೆ. ಕಣ್ಣು ಮುಗಿದ ಮೇಲೆ ಅದಕ್ಕೊಂದು ಮುಖ ಹುಡುಕುತ್ತಾರೆ. ವರ್ಮೀರನ ಕ್ರಮದಲ್ಲಿ ಹೋದರೆ ಆ ಅಭ್ಯಾಸ ತಾನಾಗಿಯೇ ಬಿಡುತ್ತದೆ. ಕಂದು ಕಪ್ಪಿನ ಮೊದಲ ಪದರದಲ್ಲೇ ಬೆಳಕು, ನೆರಳುಗಳ ದೊಡ್ಡ ಪಾಲು ತೀರ್ಮಾನವಾಗಿರಬೇಕು. ಅಲ್ಲಿ ತಪ್ಪಿದ್ದನ್ನು ಮೇಲಿನ ಬಣ್ಣ ಸರಿಮಾಡುವುದಿಲ್ಲ.

ಈಗ ಮೂಗನ್ನು ನೋಡಿ. ಅದರ ಆಚೆ ಬದಿಗೆ ಗೆರೆಯೇ ಇಲ್ಲ. ಮೂಗಿನ ಸೇತುವೆ, ಆಚೆಯ ಕೆನ್ನೆ, ಎರಡೂ ಒಂದೇ ಬಣ್ಣದಲ್ಲಿ ಬೆರೆತುಹೋಗಿವೆ. ನೋಡುವ ನಾವೇ ಅಲ್ಲಿ ಅಂಚನ್ನು ಕಲ್ಪಿಸಿಕೊಳ್ಳುತ್ತೇವೆ. ಪ್ರತಿ ಬರೆಯುವವರು ಹೆಚ್ಚಾಗಿ ಸೋಲುವ ಜಾಗ ಇದು, ಹೆಚ್ಚಾಗಿ ಕಲಿಯುವ ಜಾಗವೂ ಇದೇ. ಕೈ ತಾನಾಗಿ ಗೆರೆ ಎಳೆಯುತ್ತದೆ, ಏಕೆಂದರೆ ಮೂಗಿಗೆ ಅಂಚಿದೆ ಎಂದು ಬುದ್ಧಿಗೆ ಗೊತ್ತು. ಕಣ್ಣಿಗೆ ಕಂಡದ್ದು ಬೇರೆ. ಬುದ್ಧಿಯನ್ನು ಸುಮ್ಮನಾಗಿಸಿ ಕಂಡದ್ದನ್ನಷ್ಟೇ ಬರೆಯಲು ಕೈಗೆ ಕಲಿಸುವುದೇ ಭಾವಚಿತ್ರದ ಅರ್ಧ ವಿದ್ಯೆ. ಕಣ್ಣಿನ ಬಿಳಿಯೂ ಹಾಗೆಯೇ. ಕೊಳವೆಯಿಂದ ಬಂದ ಬಿಳಿಯನ್ನು ಅಲ್ಲಿ ಹಚ್ಚಿದರೆ ಮುಖ ಬೆಚ್ಚಿಬಿದ್ದಂತಾಗುತ್ತದೆ. ಅಲ್ಲಿ ಬೇಕಾದದ್ದು ಬೂದು, ನೆರಳಿನ ಕಡೆಗೆ ಇನ್ನೂ ದಟ್ಟವಾದ ಬೂದು. ಇನ್ನು ಮುತ್ತು. ಅದಕ್ಕೆ ಹೊರಗೆರೆ ಇಲ್ಲ, ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಮೇಲೆ ಒಂದು ದಪ್ಪ ಬಿಳಿ ಬೊಟ್ಟು, ಕೆಳಗೆ ಕೊರಳಪಟ್ಟಿಯ ಮಸುಕಾದ ಪ್ರತಿಫಲನ, ಇವೆರಡರ ನಡುವೆ ಹಿನ್ನೆಲೆಯ ಕತ್ತಲು. ಅಷ್ಟರಲ್ಲೇ ಮುತ್ತು ತೂಗುತ್ತದೆ.

1994ರಲ್ಲಿ ಈ ಚಿತ್ರವನ್ನು ಶುಚಿಗೊಳಿಸಿದಾಗ ಮುತ್ತಿನ ಮೇಲಿನ ಇನ್ನೊಂದು ಹೊಳಪು ವರ್ಮೀರನದಲ್ಲವೆಂದು, ಕಳಚಿ ಅಂಟಿಕೊಂಡ ಬಣ್ಣದ ಚೂರೆಂದು ಗೊತ್ತಾಯಿತು. ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಸುಗೆಂಪು ಚುಕ್ಕೆ ಹೊರಬಂತು. 2018ರ ಪರೀಕ್ಷೆಯಲ್ಲಿ ಬರಿಗಣ್ಣಿಗೆ ಕಾಣದ ರೆಪ್ಪೆಗೂದಲುಗಳು ಸಿಕ್ಕವು. ನಾವು ಬರಿಯ ಕಪ್ಪೆಂದು ತಿಳಿದಿದ್ದ ಹಿನ್ನೆಲೆ ಒಂದು ಕಾಲಕ್ಕೆ ಮಡಿಕೆಗಳಿದ್ದ ಹಸಿರು ಪರದೆಯಾಗಿತ್ತೆಂದು ತಿಳಿಯಿತು. ಕಪ್ಪು ಪದರದ ಮೇಲೆ ಪಾರದರ್ಶಕವಾಗಿ ಹಚ್ಚಿದ ಹಸಿರು ಕಾಲಕ್ರಮದಲ್ಲಿ ಬಣ್ಣಗೆಟ್ಟಿದೆ. ಹಾಗಾದರೆ ಇವತ್ತು ಪ್ರತಿ ಬರೆಯುವವನು ಹಿನ್ನೆಲೆಗೆ ಯಾವ ಬಣ್ಣ ಹಚ್ಚಬೇಕು? ಎದುರಿಗೆ ಕಾಣುವುದನ್ನೇ ಹಚ್ಚಬೇಕೆಂಬ ವಾದವಿದೆ. ನಾನು ಹಸಿರನ್ನೇ ಹಚ್ಚಿಸುತ್ತೇನೆ. ಒಣಗಿದ ಕಪ್ಪಿನ ಮೇಲೆ ಎಣ್ಣೆ ಬೆರೆಸಿದ ತೆಳು ಹಸಿರು ಹರಿದಾಗ ಅದರ ಎದುರಿನ ಮುಖದ ಚರ್ಮ ಒಮ್ಮೆಗೇ ಬೆಚ್ಚಗಾಗುತ್ತದೆ, ಕೆನ್ನೆಗೆ ರಕ್ತ ಬರುತ್ತದೆ. ವರ್ಮೀರ್ ಆ ಪರದೆಯನ್ನು ಅಲ್ಲಿ ಏಕೆ ಇಳಿಬಿಟ್ಟ ಎಂಬುದು ಅದನ್ನು ಹಚ್ಚಿದ ವಿದ್ಯಾರ್ಥಿಗೆ ಗೊತ್ತಾಗುವಷ್ಟು ಓದಿದವನಿಗೆ ಗೊತ್ತಾಗುವುದಿಲ್ಲ.

ಸಾಮಗ್ರಿಯ ಬಗ್ಗೆ ಎರಡು ಮಾತು. ಬಣ್ಣದ ಪುಡಿಯನ್ನು ಕಟ್ಟಿಹಿಡಿಯುವುದು ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗುವ ಅದೇ ಅಗಸೆಯ ಬೀಜದ್ದು. ಅದು ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ ಇರಬೇಕು, ಮೇಲಿನದರಲ್ಲಿ ಹೆಚ್ಚು. ತಿರುಗಾಮುರುಗಾ ಮಾಡಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಆಮೇಲೆ ಸರಿದು, ಚಿತ್ರ ಬಿರುಕು ಬಿಡುತ್ತದೆ. ಅಂಬರ್ ಕಂದಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಐವರಿ ಕಪ್ಪು ನಿಧಾನ. ಮೊದಲ ಪದರಕ್ಕೆ ಕಂದು ಒದಗಿಬರಲು ಇದೂ ಒಂದು ಕಾರಣ. ಬಿಳಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವರ್ಮೀರ್ ಬಳಸಿದ್ದು ಸೀಸದ ಬಿಳಿ. ಅದು ವಿಷ, ವಿದ್ಯಾರ್ಥಿಗಳ ಕೈಗೆ ಕೊಡಬಾರದು. ನಾವು ಬಳಸುವ ಟೈಟಾನಿಯಂ ಬಿಳಿ ಅದಕ್ಕಿಂತ ಎಷ್ಟೋ ಪಾಲು ಜೋರು ಮತ್ತು ತಣ್ಣನೆಯದು. ಅಷ್ಟೇ ಪ್ರಮಾಣದಲ್ಲಿ ಬೆರೆಸಿದರೆ ಚರ್ಮ ಸುಣ್ಣ ಬಳಿದಂತಾಗುತ್ತದೆ. ಕಾಲುಭಾಗದಿಂದ ಶುರುಮಾಡಿ, ಒಂದಿಷ್ಟು ಓಕರ್ ಹಳದಿ ಬೆರೆಸಿ ಅದನ್ನು ಬೆಚ್ಚಗಾಗಿಸಿ. ಮುಂಡಾಸಿನ ನೀಲಿಗಾದರೆ ಚಿಂತೆಯಿಲ್ಲ. ವರ್ಮೀರನ ನೀಲಿ ಅಫ್ಘಾನಿಸ್ತಾನದ ಲಾಜವರ್ದ ಕಲ್ಲನ್ನು ಅರೆದು ತೆಗೆದದ್ದು. 1828ರ ಹೊತ್ತಿಗೆ ಅದರ ಕೃತಕ ರೂಪ ಸಿದ್ಧವಾಗಿ ಬಡ ವಿದ್ಯಾರ್ಥಿಗೂ ಎಟುಕುವಂತಾಯಿತು.

ಇಲ್ಲಿ ಕೂತಿರುವ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬೇಕು: ಹೇಗ್ ನಗರಕ್ಕೆ ಹೋಗಿ ಕೂರಲು ನಮ್ಮಿಂದ ಆದೀತೆ, ನಮಗೆ ಸಿಗುವುದು ಅಚ್ಚಾದ ಹಾಳೆ ಅಥವಾ ಪರದೆ ತಾನೆ? ನಿಜ. ವಾನ್ ಗಾಗ್ 1889–90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ಚಿತ್ರಗಳ ಕಪ್ಪುಬಿಳುಪು ಅಚ್ಚುಗಳನ್ನಿಟ್ಟುಕೊಂಡೇ ಬಣ್ಣದಲ್ಲಿ ಅವನ್ನು ಮತ್ತೆ ಬರೆದ. ಅಚ್ಚಿನಿಂದಲೂ ಕಲಿಯಬಹುದು, ಅದರ ಕೊರತೆ ತಿಳಿದಿದ್ದರೆ. ಅಚ್ಚು ಅಳತೆಯನ್ನು ಮರೆಸುತ್ತದೆ. ಕುಂಚದ ದಪ್ಪ ಗೀರು, ತೆಳು ಲೇಪ ಎರಡನ್ನೂ ಒಂದೇ ನುಣುಪಿಗೆ ಇಳಿಸುತ್ತದೆ. ನೆರಳನ್ನು ಕರಿಯಾಗಿಸುತ್ತದೆ. ಹಾಗಾಗಿ ಮೂಲದ ಅಳತೆಯಲ್ಲೇ ಅಚ್ಚು ಹಾಕಿಸಿಕೊಳ್ಳಿ. ಅದರ ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಬೆರೆಸಿದ ಬಣ್ಣವನ್ನು ಚೂರಿಯ ತುದಿಯಿಂದ ಆ ಹಾಳೆಗೇ ತಾಗಿಸಿ ನೋಡಿ. ಹೊಂದಿದರೆ ಕಾಣದಂತೆ ಬೆರೆಯುತ್ತದೆ, ಹೊಂದದಿದ್ದರೆ ಎದ್ದು ಕಾಣುತ್ತದೆ. ಅಚ್ಚನ್ನೂ ನಿಮ್ಮ ಕ್ಯಾನ್ವಾಸನ್ನೂ ತಲೆಕೆಳಗು ಮಾಡಿಟ್ಟು ಹೋಲಿಸಿ. ತಲೆಕೆಳಗಾದಾಗ ಮುಖ ಎಂಬ ಅರಿವು ಹೋಗಿ ಆಕಾರಗಳಷ್ಟೇ ಉಳಿಯುತ್ತವೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳ ದೊಡ್ಡ ಛಾಯಾಪ್ರತಿಗಳನ್ನು ಉಚಿತವಾಗಿಯೇ ಕೊಡುತ್ತಿದೆ. ಅಲ್ಲಿ ಕುಂಚದ ಕೂದಲಿನ ಜಾಡೂ ಕಾಣುತ್ತದೆ.

ನಮ್ಮ ಮನೆಮನೆಯ ಗೋಡೆಯಲ್ಲಿರುವ ದೀಪದ ಹುಡುಗಿಯ ಚಿತ್ರವನ್ನೂ ಇಲ್ಲಿ ನೆನೆಯಬೇಕು. ಹಲ್ದಣಕರ್ 1940ರ ದಶಕದಲ್ಲಿ ಬರೆದ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನೋಡುವ ಆ ಚಿತ್ರ ಜಲವರ್ಣದ್ದು. ಅದರ ಬೆಳಕು ಕಾಗದದ ಬಿಳುಪಿನಿಂದ ಬರುತ್ತದೆ. ಅದನ್ನು ತೈಲವರ್ಣದಲ್ಲಿ ಪ್ರತಿ ಬರೆಯುವವರು ಬಹಳ. ಪ್ರೀತಿಯಿಂದ ಬರೆಯಲಿ. ತೈಲವರ್ಣದ ವಿದ್ಯೆ ಮಾತ್ರ ಅದರಿಂದ ಬರುವುದಿಲ್ಲ.

ಪ್ರತಿಗೂ ಮೋಸಕ್ಕೂ ನಡುವಿನ ಗೆರೆ ಸ್ಪಷ್ಟವಾಗಿಯೇ ಇದೆ. ಲೂವ್ರ್‌ನಲ್ಲಿ ಪ್ರತಿಯ ಅಳತೆ ಮೂಲದ ಅಳತೆಗಿಂತ ಬೇರೆ ಇರಬೇಕು, ಮೂಲದ ರುಜುವನ್ನು ಬರೆಯಕೂಡದು, ಕ್ಯಾನ್ವಾಸಿನ ಬೆನ್ನಿಗೆ ಮುದ್ರೆ ಬೀಳುತ್ತದೆ. ಯಾರ ಚಿತ್ರದ ಪ್ರತಿ, ಯಾರು ಬರೆದದ್ದು, ಯಾವ ವರ್ಷ ಎಂದು ನನ್ನ ವಿದ್ಯಾರ್ಥಿಗಳಿಂದಲೂ ಕ್ಯಾನ್ವಾಸಿನ ಹಿಂದೆ ಬರೆಸುತ್ತೇನೆ.

ಪ್ರತಿಯಿಂದ ಬಾರದ್ದೂ ಇದೆ. ಎದುರಿಗೆ ಕೂತ ಜೀವಂತ ವ್ಯಕ್ತಿ ಅಲುಗುತ್ತಾನೆ, ಬೇಸರಪಡುತ್ತಾನೆ, ಬೆಳಕು ಸರಿಯುತ್ತದೆ. ಅವನ ನೂರು ಮುಖಗಳಲ್ಲಿ ಯಾವುದನ್ನು ಹಿಡಿಯಬೇಕೆಂಬ ಆಯ್ಕೆ ಚಿತ್ರಕಾರನದು. ಪ್ರತಿ ಬರೆಯುವಾಗ ಆ ಆಯ್ಕೆಯನ್ನು ಬೇರೊಬ್ಬ ಮೊದಲೇ ಮಾಡಿ ಮುಗಿಸಿರುತ್ತಾನೆ. ಆದ್ದರಿಂದ ಒಂದು ಪ್ರತಿ ಮುಗಿದ ಕೂಡಲೇ, ಬಣ್ಣದ ಹಲಗೆಯನ್ನು ತೊಳೆಯುವ ಮೊದಲೇ, ಅದೇ ಬಣ್ಣಗಳಿಂದ ಅದೇ ಕ್ರಮದಲ್ಲಿ ಮನೆಯವರೊಬ್ಬರನ್ನು ಕಿಟಕಿಯ ಬಳಿ ಕೂರಿಸಿ ಬರೆಯಿರಿ. ಬರೀ ಪ್ರತಿಯಲ್ಲೇ ವರ್ಷಗಟ್ಟಲೆ ನಿಂತುಬಿಡುವುದನ್ನು ನಾನು ಒಪ್ಪುವುದಿಲ್ಲ. ರೆಂಬ್ರಾಂಟ್ ಸುಮಾರು 40 ಆತ್ಮಚಿತ್ರಗಳನ್ನು ಬರೆದಿದ್ದಾನೆ. ಎಳವೆಯದೊಂದು, ಮುಪ್ಪಿನದೊಂದು ಆರಿಸಿ ಎರಡರ ಪ್ರತಿ ಬರೆದರೆ ಒಂದೇ ಮುಖವನ್ನು ನುಣುಪಾಗಿಯೂ ಒರಟಾಗಿಯೂ ಕಟ್ಟುವ ಎರಡು ದಾರಿಗಳು ಕೈಗೆ ಬರುತ್ತವೆ.

ಹೀಗೆ ಮನೆಯವರನ್ನು ಕೂರಿಸಿದಾಗಲೇ ನಮ್ಮ ವಿದ್ಯಾರ್ಥಿಗೆ ದೊಡ್ಡ ತೊಡಕೊಂದು ಎದುರಾಗುವುದು. ವರ್ಮೀರನಿಂದ, ಸಾರ್ಜೆಂಟನಿಂದ ಕಲಿತದ್ದು ಬಿಳಿ, ನಸುಗೆಂಪು ಚರ್ಮ. ಕೂತ ಅಜ್ಜಿಯದು ಎಣ್ಣೆಗಪ್ಪು. ಕಲಿತ ಮಿಶ್ರಣಕ್ಕೆ ಕಂದು ಸೇರಿಸಿದರಾಯಿತು ಎಂದು ಅವನು ತಿಳಿಯುತ್ತಾನೆ, ಮುಖ ಮಣ್ಣಾಗುತ್ತದೆ. ಕಪ್ಪು ಚರ್ಮ ಬೆಳಕಿನೊಂದಿಗೆ ವರ್ತಿಸುವ ಬಗೆಯೇ ಬೇರೆ. ಒಳಗಿನಿಂದ ಚೆದುರಿ ಬರುವ ಬೆಳಕು ಕಡಿಮೆ. ಆದ್ದರಿಂದ ಮೇಲ್ಮೈಯ ಹೊಳಪು ಎದ್ದು ಕಾಣುತ್ತದೆ, ಆ ಹೊಳಪು ಆಕಾಶದ ನೀಲಿಯನ್ನು ಹಿಡಿಯುತ್ತದೆ. ನಡುಛಾಯೆಗಳಲ್ಲಿ ಹಸಿರು, ಓಕರ್ ಹೆಚ್ಚು. ಬಿಳಿ ಬಹಳ ಕಡಿಮೆ ಬೇಕು. ಈ ಪಾಠವನ್ನು ಯೂರೋಪಿನ ಸಂಗ್ರಹಾಲಯಗಳಿಗಿಂತ ಚೆನ್ನಾಗಿ ಕಲಿಸಬಲ್ಲ ತೈಲಚಿತ್ರಗಳು ನಮ್ಮ ಮನೆಬಾಗಿಲಲ್ಲೇ ಇವೆ. ರವಿವರ್ಮ 1885ರಲ್ಲಿ ಮೈಸೂರಿಗೆ ಬಂದು ರಾಜಮನೆತನದ ಭಾವಚಿತ್ರಗಳನ್ನು ಬರೆದ. 1904ರ ಸುಮಾರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಯ ಮೇಲೆ ಒಂಬತ್ತು ಪೌರಾಣಿಕ ಚಿತ್ರಗಳ ಕೆಲಸ ಹಿಡಿದ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಅವನ ಮೂಲಚಿತ್ರಗಳು ಇವತ್ತಿಗೂ ತೂಗುತ್ತಿವೆ. ಅಚ್ಚಿನಲ್ಲಿ ಸಿಹಿಯಾಗಿ ಕಾಣುವ ಆ ಮುಖಗಳ ಮುಂದೆ ನಿಂತು ನೋಡಿದರೆ ಕತ್ತಿನ ನೆರಳಿನ ತಣ್ಣನೆಯ ಹಸಿರು, ಭುಜದ ಮೇಲಿನ ನೀಲಿ ಹೊಳಪು ಕಾಣುತ್ತವೆ. ಅಚ್ಚಿಗೆ ಅದನ್ನು ಹಿಡಿಯಲು ಆಗಿಲ್ಲ. ಅದನ್ನು ಕಲಿಯಬೇಕಾದರೆ ಮೂಲದ ಮುಂದೆಯೇ ಬಣ್ಣ ಬೆರೆಸಬೇಕು.

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ 1941ರಲ್ಲಿ ಬಾಗಿಲು ತೆರೆದಾಗಿನಿಂದಲೂ ಪ್ರತಿ ಬರೆಯುವವರಿಗೆ ಅನುಮತಿಪತ್ರ ಕೊಡುತ್ತ ಬಂದಿದೆ, ಈಸೆಲನ್ನೂ ತಾನೇ ಒದಗಿಸುತ್ತದೆ. ಚಿತ್ರಗಳಿಗೆ ಅದರಿಂದ ಕೇಡಾಗಿಲ್ಲ. ನಮ್ಮಲ್ಲಿ ಆ ಪದ್ಧತಿ ಇನ್ನೂ ಬೇರೂರಿಲ್ಲ. ಮೈಸೂರು, ಬೆಂಗಳೂರುಗಳ ಚಿತ್ರಶಾಲೆಗಳ ಆಡಳಿತ ನೋಡುವವರು ಈ ಸಭೆಯಲ್ಲಿದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟು: ಜನಸಂದಣಿ ಇಲ್ಲದ ದಿನಗಳಲ್ಲಿ, ವಾರಕ್ಕೆ ಒಂದು ಬೆಳಗ್ಗೆಯಾದರೂ, ಕಲಾಶಾಲೆಯ ಶಿಫಾರಸು ಪಡೆದ ಕೆಲವೇ ವಿದ್ಯಾರ್ಥಿಗಳಿಗೆ ಮೂಲ ತೈಲಚಿತ್ರಗಳ ಮುಂದೆ ಕೂರಲು ಅನುಮತಿ ಕೊಡಿ. ಅಳತೆಯ ನಿಯಮ ಹಾಕಿ, ಹಿಂಬದಿಗೆ ಮುದ್ರೆ ಒತ್ತಿ, ನೆಲಕ್ಕೆ ಬಟ್ಟೆ ಹಾಸಿ, ಎಷ್ಟು ಬೇಕೋ ಅಷ್ಟು ದೂರ ಕೂರಿಸಿ. ಈ ದತ್ತಿಯ ಮುಂದಿನ ವರ್ಷಗಳ ಬಡ್ಡಿಯಲ್ಲಿ ಒಂದು ಪಾಲನ್ನು ಆ ವಿದ್ಯಾರ್ಥಿಗಳ ಕ್ಯಾನ್ವಾಸು, ಬಣ್ಣಗಳಿಗೆ ಎತ್ತಿಡಬೇಕೆಂದು ದತ್ತಿದಾರರಲ್ಲೂ ಕೇಳಿಕೊಳ್ಳುತ್ತೇನೆ.